ಮ್ಯಾಲಿನ ರೂಮಿನ ಪಿಸಿ, ಕೆಳಗ ಕೂಲರ್ ಮುಂದ ಗೇಮು

ಕಲಬುರಗಿ ಮೇ ತಿಂಗಳದಾಗ ಮಾಳಗಿ ಮ್ಯಾಲಿನ ರೂಮಿನ್ಯಾಗ ಕೂತು ಗೇಮ್ ಆಡೋದಂದ್ರ ರೊಟ್ಟಿ ಹಂಚಿನ ಮ್ಯಾಲ ಕೂತಂಗ. ಹೊರಗ 42 ಡಿಗ್ರಿ, ಒಳಗ ಗ್ರಾಫಿಕ್ಸ್ ಕಾರ್ಡ್ ಬ್ಯಾರೆ ಬಿಸಿ ಉಗುಳ್ತದ. ಕೂಲರ್ ಇರೋದು ಕೆಳಗ ಹಾಲಿನ್ಯಾಗ, ಪಿಸಿ ಇಳಸ್ತೀನಂದ್ರ "ಮಂದಿ ಬರೋ ಜಾಗಾ ಅದ, ಆ ಡಬ್ಬಿ ಇಲ್ಲಿ ತರಬ್ಯಾಡ" ಅಂತ ಅವ್ವನ ಆರ್ಡರ್. ಅದಕ್ಕ ಪಿಸಿ ಮ್ಯಾಲೇ ಬಿಟ್ಟು ಹಳೇ ಲ್ಯಾಪ್‌ಟಾಪ್ ಹಿಡ್ಕೊಂಡು ಕೆಳಗ ಬಂದೀನಿ. ಗೇಮ್ ಓಡೋದು ಮ್ಯಾಲ, ಆಡೋದು ಕೆಳಗ.

ಇದು ನಡಿಯೋದು ಹಿಂಗ: ಮ್ಯಾಲಿನ ಪಿಸಿ ತನ್ನ ಸ್ಕ್ರೀನ್ ವಿಡಿಯೋ ಮಾಡಿ ಕಳಸ್ತದ, ಕೆಳಗಿನ ಲ್ಯಾಪ್‌ಟಾಪ್ ಅದನ್ನ ತೋರಸ್ತದ, ನೀವು ಒತ್ತಿದ ಕೀ, ಮೌಸು ವಾಪಸ್ ಮ್ಯಾಲ ಹೋಗ್ತಾವ. ಅಂದ್ರ ಲ್ಯಾಪ್‌ಟಾಪಿಗೆ ಬಂದ ವಿಡಿಯೋ ಬಿಡಿಸೋ (ಡಿಕೋಡ್ ಮಾಡೋ) ತಾಕತ್ತಿದ್ರ ಸಾಕು.

ಮೊದಲ ಕೆಲಸ ಸಾಫ್ಟ್‌ವೇರ್ ಅಲ್ಲ, ಕೇಬಲ್. ಭಾಳ ಮಂದಿ ಇಲ್ಲೇ ಎಡವ್ತಾರ, ಇಂಟರ್ನೆಟ್ ಪ್ಲ್ಯಾನ್ 200 ಎಂಬಿಪಿಎಸ್ ಅದ ಆದ್ರೂ ಯಾಕ ಕಟ್ ಆಗ್ತದ ಅಂತ ಕೇಳ್ತಾರ. ಮನಿ ಒಳಗಿನ ಸ್ಟ್ರೀಮಿಂಗಿಗೂ ಪ್ಲ್ಯಾನಿಗೂ ಸಂಬಂಧನೇ ಇಲ್ಲ್ರಿ, ರಸ್ತೆ ಅಗದು ಫೈಬರ್ ಕಡದ್ರೂ ಇದು ನಡೀತದ. ತ್ರಾಸು ಇರೋದು ನಮ್ಮ ಗ್ವಾಡಿದಾಗ. ಹಳೇ ಕಲ್ಲಿನ ಮನಿ, ಮ್ಯಾಲ ಶಹಾಬಾದ್ ಕಲ್ಲಿನ ಹಾಸು, 5 ಗಿಗಾಹರ್ಟ್ಸ್ ವೈಫೈ ಇಂಥಾ ಎರಡು ಗ್ವಾಡಿ ದಾಟೋದ್ರೊಳಗ ಸತ್ತು ಹೋಗ್ತದ. 2.4 ಗಿಗಾಹರ್ಟ್ಸ್ ದಾಟ್ತದ, ಆದ್ರ ಓಣಿ ತುಂಬ ಎಲ್ಲಾರ ರೌಟರ್ ಅದ್ರಾಗೇ ಗದ್ದಲ ಹಾಕ್ತಿರ್ತಾವ. ಮತ್ತ ಎರಡೂ ಕಂಪ್ಯೂಟರ್ ವೈಫೈ ಮ್ಯಾಲಿದ್ರ ಒಂದೇ ವಿಡಿಯೋ ಎರಡು ಸಲ ಗಾಳಿಯಾಗ ಹಾರಬೇಕು, ಪಿಸಿಯಿಂದ ರೌಟರಿಗೆ, ರೌಟರಿಂದ ಲ್ಯಾಪ್‌ಟಾಪಿಗೆ. ಅದಕ್ಕ ಪಿಸಿಗಾದ್ರೂ ಕ್ಯಾಟ್ 6 ಕೇಬಲ್ ಎಳೀರಿ, ಅರ್ಧ ತ್ರಾಸು ಅಲ್ಲೇ ಮುಗೀತು. 100 ಮೀಟರ್ ತನಕ ನಡೀತದ, ಯಾರ ಮನೀನೂ ಅಷ್ಟು ದೊಡ್ಡದಿಲ್ಲ. ನಾನು ಮೆಟ್ಟಲ ಬಾಜೂಕ ಕ್ಲಿಪ್ ಹೊಡದು ಇಳಸೀನಿ, ನೋಡಾಕ ಚಂದಿಲ್ಲ, ಇರಲಿ.

ಈಗ ಪಿಸಿದಾಗ ಸನ್‌ಶೈನ್ ಹಾಕ್ರಿ, ಸ್ಕ್ರೀನ್ ಹಿಡದು ಕಳಸೋ ಸಾಫ್ಟ್‌ವೇರ್ ಅದು, ಪುಕ್ಕಟೆ, ಓಪನ್ ಸೋರ್ಸ್. ಮೊದಲು ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾದ್ದೇ ಇಂಥಾದ್ದು ಗೇಮ್‌ಸ್ಟ್ರೀಮ್ ಅಂತ ಇತ್ತು, 2023ರಾಗ ಅದನ್ನ ಬಂದ್ ಮಾಡಿದ್ರು. ಸನ್‌ಶೈನ್ ಆದ್ರ ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರರ ಜೋಡಿನೂ ನಡೀತದ. ಇನ್‌ಸ್ಟಾಲ್ ಆದಮ್ಯಾಲ ಬ್ರೌಸರಿನ್ಯಾಗ ಎಚ್‌ಟಿಟಿಪಿಎಸ್ ಹಾಕಿ ಲೋಕಲ್‌ಹೋಸ್ಟ್, ಕೋಲನ್, 47990 ಅಂತ ಹೊಡೀರಿ. ಸೈಟ್ ಸೇಫ್ ಇಲ್ಲ ಅಂತ ಕೆಂಪಗ ಹೆದರಸ್ತದ, ಸರ್ಟಿಫಿಕೇಟ್ ನಿಮ್ಮ ಪಿಸಿನೇ ಮಾಡ್ಕೊಂಡದ್ದು ಅದಕ್ಕ ಹಂಗ, ಮುಂದ ಹೋಗ್ರಿ, ಯೂಸರ್‌ನೇಮ್ ಪಾಸ್‌ವರ್ಡ್ ಇಡ್ರಿ. ವಿಂಡೋಸ್ ಫೈರ್‌ವಾಲ್ ಕೇಳಿದ್ರ ಪ್ರೈವೇಟ್ ನೆಟ್‌ವರ್ಕಿಗಷ್ಟೇ ಹೂಂ ಅನ್ರಿ.

ಲ್ಯಾಪ್‌ಟಾಪಿಗೆ ಮೂನ್‌ಲೈಟ್. ಸನ್‌ಶೈನ್ ಕಳಸಿದ್ದನ್ನ ತೋರಸೋದು ಇದು. ತೆಗದ ಕೂಡ್ಲೇ ಪಿಸಿ ಹೆಸರು ತಾನೇ ಬರ್ತದ, ಅದನ್ನ ಒತ್ತಿದ್ರ 4 ಅಂಕಿ ಪಿನ್ ತೋರಸ್ತದ, ಅದನ್ನ ಸನ್‌ಶೈನಿನ ಪಿನ್ ಪೇಜಿನ್ಯಾಗ ಹಾಕಿದ್ರ ಜೋಡಿ ಆಯ್ತು. ಇದಕ್ಕ ಒಂದು ಸಲ ಮ್ಯಾಲ ಹತ್ತಲೇಬೇಕು. ಸೆಟ್ಟಿಂಗಿನ್ಯಾಗ ಆಸೆ ಬ್ಯಾಡ. 1080ಪಿ, ಸೆಕೆಂಡಿಗೆ 60 ಫ್ರೇಮಿಗೆ 20 ಎಂಬಿಪಿಎಸ್ ಇಡ್ರಿ, ಸಾಕಾಗ್ತದ. ಹಳೇ ಲ್ಯಾಪ್‌ಟಾಪಿನ ಸ್ಕ್ರೀನೇ 1366 ಇಂಟು 768 ಇದ್ರ 1080ಪಿ ಯಾಕ, 720ಪಿ ಇಟ್ಟು 10ಕ್ಕ ಇಳಸ್ರಿ. ಇಂಟೆಲ್ 4ನೇ ಜನರೇಶನ್ ಕಾಲದ್ದು ಇದ್ರ ಕೋಡೆಕ್ (ವಿಡಿಯೋ ಕುಗ್ಗಸೋ ಪದ್ಧತಿ) ಎಚ್.264 ಇಡ್ರಿ, ಅದಕ್ಕಿಂತ ಹೊಸಾದು ಎಚ್‌ಇವಿಸಿ ಬಿಡಿಸೋದು ಅದರ ಗ್ರಾಫಿಕ್ಸ್ ಚಿಪ್ಪಿಗೆ ಆಗಂಗಿಲ್ಲ. ಆಡೋವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಜೋಡಿ ಎಸ್ ಒತ್ತಿದ್ರ ಎಷ್ಟು ತಡ ಆಗ್ಲಿಕತ್ತದ, ಎಷ್ಟು ಫ್ರೇಮ್ ಬಿದ್ವು ಎಲ್ಲಾ ಬರ್ತದ. 60 ಫ್ರೇಮಂದ್ರ ಒಂದೊಂದಕ್ಕ 16.7 ಮಿಲಿಸೆಕೆಂಡ್, ನೆಟ್‌ವರ್ಕಿನ ತಡ ಅದಕ್ಕಿಂತ ಕಡಿಮಿ ಇದ್ರ ಕೈಗೆ ಗೊತ್ತಾಗಂಗಿಲ್ಲ.

ಮಾನಿಟರ್ ಆಫ್ ಮಾಡಿ ಕೆಳಗ ಬಂದ್ರ ಒಮ್ಮೊಮ್ಮೆ ಸ್ಟ್ರೀಮೇ ಚಾಲೂ ಆಗಂಗಿಲ್ಲ. ಸ್ಕ್ರೀನೇ ಇಲ್ಲ ಅಂತ ಗ್ರಾಫಿಕ್ಸ್ ಕಾರ್ಡ್ ತಿಳ್ಕೊಂಡ್ರ ಸನ್‌ಶೈನ್ ಏನ್ ಹಿಡೀಬೇಕು? ಎಚ್‌ಡಿಎಂಐ ಡಮ್ಮಿ ಪ್ಲಗ್ ಅಂತ ಬೆರಳಷ್ಟು ದೊಡ್ಡದು ಸಿಗ್ತದ, ಹಿಂದ ಚುಚ್ಚಿ ಬಿಡ್ರಿ, ಮಾನಿಟರ್ ಅದ ಅಂತ ನಂಬ್ತದ.

ಇನ್ನ ಎರಡು ಸ್ಕ್ರೀನಿನ ಮಾತು. ಇದ್ರಾಗ ಎರಡು ಬ್ಯಾರೆ ಬ್ಯಾರೆ ಕೆಲಸ ಅದಾವ, ಮಂದಿ ಎರಡೂ ಕಲಸಿ ಬಿಡ್ತಾರ. ಪಿಸಿಗೆ ಎರಡು ಮಾನಿಟರ್ ಇದ್ರ ಮೂನ್‌ಲೈಟ್ ಒಂದು ಸಲಕ್ಕ ಒಂದೇ ತೋರಸ್ತದ, ಕಂಟ್ರೋಲ್ ಆಲ್ಟ್ ಶಿಫ್ಟ್ ಜೋಡಿ ಎಫ್1, ಎಫ್2 ಒತ್ತಿ ಬದಲಿ ಮಾಡ್ಕೋಬೇಕು. ಅದು ಬಿಟ್ಟು, ಪಿಸಿ ಮುಂದೇ ಕೂತು ಹಳೇ ಲ್ಯಾಪ್‌ಟಾಪನ್ನೇ ಎರಡನೇ ಮಾನಿಟರ್ ಮಾಡಬೇಕಂದ್ರ ಸ್ಪೇಸ್‌ಡೆಸ್ಕ್ ನೋಡ್ರಿ. ಪಿಸಿಗೆ ಅದರ ಡ್ರೈವರ್, ಲ್ಯಾಪ್‌ಟಾಪಿಗೆ ವ್ಯೂವರ್, ಆಮ್ಯಾಲ ವಿಂಡೋಸ್ ಕೀ ಜೋಡಿ ಪಿ ಒತ್ತಿ ಎಕ್ಸ್‌ಟೆಂಡ್. ಚಾಟ್, ಮ್ಯಾಪ್, ಹಾಡು ಅದ್ರ ಮ್ಯಾಲ ಇಡ್ರಿ, ಗೇಮ್ ಇಡಬ್ಯಾಡ್ರಿ, ಎಳದಂಗ ಆಗ್ತದ. ಸ್ಕ್ರೀನ್ ಹಂಚೋದೇ ಬ್ಯಾಡ, ಒಂದೇ ಕೀಬೋರ್ಡು ಮೌಸಿನಿಂದ ಎರಡೂ ಕಂಪ್ಯೂಟರ್ ನಡಸಬೇಕಂದ್ರ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಒಳಗ ಮೌಸ್ ವಿದೌಟ್ ಬಾರ್ಡರ್ಸ್ ಅದ, 4 ಕಂಪ್ಯೂಟರ್ ತನಕ ನಡೀತದ.

ಊರ ಹೊರಗಿಂದ ಆಡೋರು ರೌಟರಿನ್ಯಾಗ ಪೋರ್ಟ್ ಓಪನ್ ಮಾಡ್ಲಿಕ್ಕೆ ಹೋಗಬ್ಯಾಡ್ರಿ, ದೂರದ ಕಂಪ್ಯೂಟರ್‌ಗಳನ್ನ ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಸೋ ಟೇಲ್‌ಸ್ಕೇಲ್ ಎರಡೂ ಕಡಿ ಹಾಕ್ರಿ. ಆವಾಗ ಮಾತ್ರ ಪ್ಲ್ಯಾನ್ ಲೆಕ್ಕಕ್ಕ ಬರ್ತದ, ಅದೂ ಮನಿಯಾಗಿನ ಅಪ್‌ಲೋಡ್.

ಮುಗಸೋವಾಗ ಕಂಟ್ರೋಲ್ ಆಲ್ಟ್ ಶಿಫ್ಟ್ ಕ್ಯೂ ಒತ್ತಿದ್ರ ಲ್ಯಾಪ್‌ಟಾಪ್ ಅಷ್ಟೇ ಹೊರಗ ಬರ್ತದ, ಮ್ಯಾಲ ಗೇಮ್ ಓಡ್ತಾನೇ ಇರ್ತದ. ನಾ ಒಂದಿನ ಹಂಗೇ ಮಕ್ಕೊಂಡು ಮುಂಜಾನಿ ಹೋಗಿ ಬಾಗಲಾ ತೆಗದ್ರ ರೂಮು ಭಟ್ಟಿ ಆಗಿತ್ತು, ನನ್ನ ಹೀರೋ ಅದೇ ಗಿಡದ ಬುಡಕ ನಿಂತು ಉಸರಾಡ್ಲಿಕತ್ತಿದ್ದ.