ವಿಜಯನಗರದ ಬಜಾರಿನ ಸೆಟ್: ಥರ್ಮಕೋಲ್ ಕಂಬ ಕಲ್ಲಾದದ್ದು ಹೀಗೆ

ಚಿತ್ರೀಕರಣಕ್ಕೆಂದು ಹಾಕಿದ, 1565ಕ್ಕೆ ಮೊದಲಿನ ವಿಜಯನಗರದ ಬಜಾರಿನ ಸೆಟ್ಟಿನಲ್ಲಿ ಮೊದಲು ಕೈಕೊಟ್ಟದ್ದು ಕಂಬಗಳು. ಥರ್ಮಕೋಲ್ ಕೆತ್ತನೆಗೆ ಎನಾಮಲ್ ಪೇಂಟ್ ಬಿದ್ದ ಕೂಡಲೇ ಅಂಚುಗಳು ಕರಗಿ ಗುಳಿಬಿದ್ದವು. ಕಾರಣ ಥಿನ್ನರ್. ಅದು ಥರ್ಮಕೋಲನ್ನು ತಿಂದುಹಾಕುತ್ತದೆ.

ಸರಿಹೋದದ್ದು ಹೀಗೆ: ಕಂಬಕ್ಕೆ ಫೆವಿಕಾಲ್ ನೀರು ಬಳಿದು, ತೆಳು ಹತ್ತಿಬಟ್ಟೆ ಸುತ್ತಿ, ಒಂದು ದಿನ ಒಣಗಿಸಿದೆವು. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್: ಎರಡು ಪಾಲು ಪುಡಿ, ಒಂದು ಪಾಲು ನೀರು, ಚೂರು ಫೆವಿಕಾಲ್. ಬೇಗ ಗಟ್ಟಿಯಾಗುವುದರಿಂದ ಒಮ್ಮೆಗೆ ಒಂದು ಬೋಗುಣಿಯಷ್ಟೇ ಕಲಸಬೇಕು. ಲೇಪ ದಪ್ಪವಾದರೆ ಬಿರುಕು ಖಂಡಿತ.

ಬಣ್ಣ ನೀರಿನ ಎಮಲ್ಷನ್ ಮಾತ್ರ. ಹಂಪಿಯ ಕಲ್ಲು ಕಪ್ಪಲ್ಲ. ಬೂದು ಬಣ್ಣದ ಮೇಲೆ ತೆಳು ಗುಲಾಬಿ ಹೊಡೆದು, ಹಲ್ಲುಜ್ಜುವ ಬ್ರಶ್ಶಿನಿಂದ ಕಪ್ಪು-ಬಿಳಿ ಚುಕ್ಕಿ ಸಿಡಿಸಿದಾಗಲೇ ಜೀವ ಬಂತು. ಬುಡದ ಕಲ್ಲಿನ ಅಂಚಿಗೆ ಸಾಲಾಗಿ ಆಯತಾಕಾರದ ಗುಳಿ ಕೊರೆಯಿರಿ. ಬಂಡೆ ಸೀಳಲು ಬೆಣೆ ಹೊಡೆದ ಈ ಗುರುತು ಹಂಪಿಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ.

ಬರಿಗಲ್ಲಿಗೇ ನಿಲ್ಲಿಸುವುದು ದೊಡ್ಡ ತಪ್ಪು. ನಾವು ಇಂದು ನೋಡುವುದು ಊರಿನ ಎಲುಬು. ಮರ, ಇಟ್ಟಿಗೆ, ಗಾರೆ, ಬಣ್ಣ ಬಹುಪಾಲು ಹೋಗಿವೆ. ಅವನ್ನು ಮರಳಿ ತರದಿದ್ದರೆ ತೆರೆಯ ಮೇಲೆ ಬರುವುದು ಹಾಳೂರೇ.

ಅಂಗಡಿಗಳಲ್ಲಿ ಟೊಮೇಟೊ, ಆಲೂಗಡ್ಡೆ ಬೇಡ; ಆಗ ಅವು ಇಲ್ಲಿ ಬಳಕೆಯಲ್ಲಿರಲಿಲ್ಲ. ಕರಿಮೆಣಸು, ಅಡಿಕೆ, ವೀಳ್ಯದೆಲೆ ಇರಲಿ. ಗುಲಾಬಿಯಂತೂ ಬೇಕೇ ಬೇಕು: 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅದನ್ನು ಎಲ್ಲೆಡೆ ಮಾರುತ್ತಿದ್ದರೆಂದು ಬರೆದಿದ್ದಾನೆ.

ದೀವಟಿಗೆ ಉರಿಯುವ ಕಡೆ ಥರ್ಮಕೋಲ್ ಕಂಬ ನಿಲ್ಲಿಸಲೇಬೇಡಿ.