ಫ್ಲೂ ಜ್ವರ ಬಿಟ್ಟು ಮತ್ತೆ ಬಂದರೆ: ಮನೆಯಲ್ಲಿ ಗಮನಿಸುವುದು ಹೇಗೆ?

ಫ್ಲೂ ಬಂದ ಮನೆಯಲ್ಲಿ ಎಲ್ಲರೂ ಎಚ್ಚರವಾಗಿರುವುದು ಜ್ವರ ಏರಿದ ದಿನಗಳಲ್ಲಿ. ಮೈಬಿಸಿ ಇಳಿದು, ಮಲಗಿದ್ದವರು ಎದ್ದು ಕೂತು ಊಟ ಕೇಳಿದರೆ ಸಾಕು, ಥರ್ಮಾಮೀಟರ್ ಮತ್ತೆ ಡಬ್ಬಿ ಸೇರುತ್ತದೆ. ಫ್ಲೂವಿನ ಬೆನ್ನಿಗೇ ಬರುವ ಬ್ಯಾಕ್ಟೀರಿಯಾ ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕು, ಅನೇಕ ಸಲ ತಲೆ ಎತ್ತುವುದು ಆ ನೆಮ್ಮದಿಯ ದಿನಗಳಲ್ಲೇ. ಜ್ವರ ಬಿಟ್ಟ ಮೇಲೂ ಒಂದು ವಾರ, ಹತ್ತು ದಿನ ರೋಗಿಯ ಮೇಲೆ ಕಣ್ಣಿಟ್ಟಿರಿ.

ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಅತಿ ಸಣ್ಣ ರೋಮಗಳಿವೆ. ಧೂಳು, ಕಫ, ಕ್ರಿಮಿಗಳನ್ನು ಅವು ಸದಾ ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಫ್ಲೂ ವೈರಸ್ ಹಾಳುಮಾಡುವುದು ಆ ರೋಮಗಳಿರುವ ಜೀವಕೋಶಗಳನ್ನೇ. ಗೋಡೆಯ ಗಾರೆ ಕಿತ್ತುಬಂದಂತಾಗಿ, ಕೆಳಗಿನ ಪದರಕ್ಕೆ ಬ್ಯಾಕ್ಟೀರಿಯಾ ಸುಲಭವಾಗಿ ಅಂಟಿಕೊಳ್ಳುತ್ತದೆ. ಶ್ವಾಸಕೋಶದಲ್ಲಿ ಕ್ರಿಮಿಗಳನ್ನು ನುಂಗಿಹಾಕುವ ರಕ್ಷಣಾ ಕೋಶಗಳೂ ಕೆಲವು ದಿನ ಸೋತಿರುತ್ತವೆ. ಈ ಬ್ಯಾಕ್ಟೀರಿಯಾ ಹೊರಗಿನಿಂದಲೇ ಬರಬೇಕೆಂದಿಲ್ಲ. ನ್ಯುಮೊಕಾಕಸ್, ಸ್ಟೆಫೈಲೊಕಾಕಸ್ ಆರೋಗ್ಯವಂತರ ಮೂಗು, ಗಂಟಲಲ್ಲೂ ತಣ್ಣಗೆ ಕೂತಿರುತ್ತವೆ. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ಕಾದಿರಿಸಿದ್ದರು. ಅವನ್ನು ಮತ್ತೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಸಾವುಗಳಲ್ಲಿ ಬಹುಪಾಲಿಗೆ ಕಾರಣ ಹೀಗೆ ಎರಡನೆಯದಾಗಿ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ. ಆಗ ಆಂಟಿಬಯಾಟಿಕ್ ಇರಲಿಲ್ಲ. ಈಗ ಇದೆ, ಆದರೆ ಸಮಯಕ್ಕೆ ಸಿಗಬೇಕು.

ಮೊದಲು ಒಂದು ಹಾಳೆ

ಹಾಳೆಯಲ್ಲಿ ದಿನ, ಹೊತ್ತು, ಜ್ವರ, ಉಸಿರಿನ ಎಣಿಕೆ ಎಂದು ಗೆರೆ ಎಳೆದುಕೊಳ್ಳಿ. ಪ್ಯಾರಾಸಿಟಮಾಲ್ ಕೊಡುವ ಮುಂಚೆ ಜ್ವರ ನೋಡಿ. ಮಾತ್ರೆ ನುಂಗಿದ ಮೇಲೆ ನೋಡಿದರೆ ಅದು ಮಾತ್ರೆಯ ಲೆಕ್ಕ. ಮಾತ್ರೆಯಿಲ್ಲದೆ 24 ಗಂಟೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟದಿದ್ದರೆ ಮಾತ್ರ ‘ಜ್ವರ ಬಿಟ್ಟಿತು’ ಎಂದು ಬರೆಯಿರಿ. ಆ ತಾರೀಕು ಮುಂದೆ ಬೇಕಾಗುತ್ತದೆ.

ಉಸಿರು ಎಣಿಸುವುದು

ಇದಕ್ಕೆ ಯಂತ್ರ ಬೇಡ, ಗಡಿಯಾರ ಸಾಕು. ನನ್ನ ಮಟ್ಟಿಗೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ರೋಗಿ ಸುಮ್ಮನೆ ಮಲಗಿದ್ದಾಗ, ಮಗುವಾದರೆ ಅಳದೆ ಇರುವಾಗ, ಎದೆ ಅಥವಾ ಹೊಟ್ಟೆ ಎಷ್ಟು ಸಲ ಏರುತ್ತದೆಂದು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ದೊಡ್ಡವರಿಗೆ ಎಣಿಸುತ್ತಿದ್ದೇವೆಂದು ಗೊತ್ತಾದರೆ ಉಸಿರಾಟವೇ ಬದಲಾಗುತ್ತದೆ. ನಾಡಿ ನೋಡುವವರಂತೆ ಕೈ ಹಿಡಿದು ಎಣಿಸಿ.

ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 30 ಮುಟ್ಟಿದರೆ ನೇರ ಆಸ್ಪತ್ರೆಗೆ ಹೋಗಿ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಗಡಿಗಳಿವೆ: 2 ತಿಂಗಳೊಳಗಿನ ಕೂಸಿಗೆ 60, 2ರಿಂದ 11 ತಿಂಗಳಿಗೆ 50, 1ರಿಂದ 5 ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ವೇಗದ ಉಸಿರಾಟ ಎಂದು ಲೆಕ್ಕ. ಉಸಿರೆಳೆದಾಗ ಮಗುವಿನ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಸುತ್ತ ಕೂರಬೇಡಿ, ಹೊರಡಿ.

ರಕ್ತದಲ್ಲಿನ ಆಮ್ಲಜನಕದ ಶೇಕಡಾ ಪ್ರಮಾಣ ತೋರಿಸುವ ಆಕ್ಸಿಮೀಟರ್ ಇದ್ದರೆ ಐದು ನಿಮಿಷ ವಿಶ್ರಾಂತಿಯ ನಂತರ, ಬೆಚ್ಚಗಿನ, ಉಗುರುಬಣ್ಣವಿಲ್ಲದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಿರಿ. 94ಕ್ಕಿಂತ ಕಡಿಮೆಯಾದರೆ ಅಂದೇ ವೈದ್ಯರಿಗೆ ತೋರಿಸಿ, 90ಕ್ಕೆ ಇಳಿದರೆ ತುರ್ತು. ಕಪ್ಪು ಮೈಬಣ್ಣದವರಲ್ಲಿ ಇದು ಇರುವುದಕ್ಕಿಂತ ತುಸು ಹೆಚ್ಚು ತೋರಿಸಬಹುದು. ಅಂಕಿ ಚೆನ್ನಾಗಿದ್ದೂ ರೋಗಿ ಏದುಸಿರು ಬಿಡುತ್ತಿದ್ದರೆ ರೋಗಿಯನ್ನು ನಂಬಿ.

ಯಾವುದು ಸುಳಿವು

ಬಿಟ್ಟ ಜ್ವರ ಚಳಿ, ನಡುಕದೊಂದಿಗೆ ಮರಳುವುದು. ಕಡಿಮೆಯಾಗುತ್ತಿದ್ದ ಕೆಮ್ಮು ಜೋರಾಗುವುದು. ದೀರ್ಘವಾಗಿ ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುವುದು. ಕಫ ತುಕ್ಕಿನ ಬಣ್ಣಕ್ಕೆ ತಿರುಗುವುದು, ರಕ್ತ ಕಾಣುವುದು. ಹಳದಿ, ಹಸಿರು ಕಫವೊಂದನ್ನೇ ನೋಡಿ ನ್ಯುಮೋನಿಯಾ ಎನ್ನಲಾಗದು, ಸಾಮಾನ್ಯ ಫ್ಲೂನಲ್ಲೂ ಅದು ಬರುತ್ತದೆ. ವಯಸ್ಸಾದವರ ವಿಷಯದಲ್ಲಿ ಮೋಸಹೋಗುವ ಸಂಭವ ಹೆಚ್ಚು: ಜ್ವರವೇ ಬರದೆ, ಊಟ ಬಿಟ್ಟು, ಮಂಕಾಗಿ, ಅಸಂಬದ್ಧ ಮಾತಾಡಬಹುದು. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಮುಗಿಸಲು ಉಸಿರು ಸಾಲದಾದರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸ್ಟೆಫೈಲೊಕಾಕಸ್ ಆದರೆ ಕೆಲವೇ ಗಂಟೆಗಳಲ್ಲಿ ಸ್ಥಿತಿ ಕೈಮೀರಬಹುದು.

ವೈದ್ಯರ ಮುಂದೆ

ಬರೀ ‘ಜ್ವರ, ಕೆಮ್ಮು’ ಎನ್ನಬೇಡಿ. ‘ನಾಲ್ಕು ದಿನ ಜ್ವರವಿತ್ತು, ಎರಡು ದಿನ ಬಿಟ್ಟಿತ್ತು, ನಿನ್ನೆ ರಾತ್ರಿಯಿಂದ ಮತ್ತೆ ಬಂದಿದೆ’ ಎಂದು ಹಾಳೆ ತೋರಿಸಿ. ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ, ಕಫದ ಪರೀಕ್ಷೆ ಹೇಳಬಹುದು. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ದಯವಿಟ್ಟು ಮುಂಚೆಯೇ ನುಂಗಿಸಬೇಡಿ. ಅದು ವೈರಸ್‌ಗೆ ತಾಗುವುದಿಲ್ಲ, ಮೇಲಾಗಿ ಕಫದಲ್ಲಿ ಯಾವ ಬ್ಯಾಕ್ಟೀರಿಯಾ ಇದೆಯೆಂದು ಪತ್ತೆಹಚ್ಚುವುದನ್ನೂ ಕೆಡಿಸುತ್ತದೆ. ವೈದ್ಯರು ಬರೆದುಕೊಟ್ಟರೆ ಹೇಳಿದಷ್ಟು ದಿನ ತಪ್ಪದೆ ಕೊಡಿ. ಎರಡು ಮೂರು ದಿನದಲ್ಲಿ ಗುಣ ಕಾಣದಿದ್ದರೆ ಮತ್ತೆ ಹೋಗಿ.

ಗರ್ಭಿಣಿಯರು, 65 ದಾಟಿದವರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ, ಅಸ್ತಮಾ, ಹೃದ್ರೋಗ ಇರುವವರು ಫ್ಲೂ ಶುರುವಾದಾಗಲೇ ವೈದ್ಯರನ್ನು ಕಾಣಲಿ. ಫ್ಲೂ ವೈರಸ್‌ಗೆ ಕೊಡುವ ಔಷಧ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಪ್ರಯೋಜನ ಹೆಚ್ಚು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ, ನ್ಯುಮೊಕಾಕಸ್ ಲಸಿಕೆಯ ಬಗ್ಗೆಯೂ ಕೇಳಿ. ಮಕ್ಕಳಿಗೆ ಜ್ವರಕ್ಕೆಂದು ಆಸ್ಪಿರಿನ್ ಕೊಡಲೇಬೇಡಿ.

ಗುಣವಾದ ಮೇಲೂ ಸುಸ್ತು, ಕೆಮ್ಮು ಕೆಲವು ವಾರ ಉಳಿಯುತ್ತವೆ. ಅದು ದಿನದಿನಕ್ಕೆ ಇಳಿಯುತ್ತಿದೆಯೇ ಎಂದಷ್ಟೇ ನೋಡುತ್ತಿರಿ. ಬೀಡಿ ಸಿಗರೇಟು ಸೇದುವವರಿಗೆ, ವಯಸ್ಸಾದವರಿಗೆ ಆರು ವಾರದ ನಂತರ ಇನ್ನೊಂದು ಎಕ್ಸ್‌ರೇ ಹೇಳಿದ್ದರೆ ಅದನ್ನು ತಪ್ಪಿಸಬೇಡಿ.