ಮೆಣಸಿನಕಾಯಿ ಘಾಟಿಗೆ ಆಂಟಿಬಯೋಟಿಕ್ ಯಾಕ್ರೀ?

ಬ್ಯಾಡಗಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟವನಿಗೆ ಗಂಟಲು ನೋವಿನ ಗಿರಾಕಿಗಳಿಗೇನೂ ಬರವಿಲ್ಲ. ಮೆಣಸಿನಕಾಯಿ ಸುಗ್ಗಿ ಶುರುವಾದರೆ ಸಾಕು, ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಂಗಸರು, ದಲ್ಲಾಲಿ ಅಂಗಡಿ ಗುಮಾಸ್ತರು, ಎಲ್ಲರೂ ಕೆಮ್ಮುತ್ತಾ ಬಂದು ಕೌಂಟರ್ ಮುಂದೆ ನಿಲ್ಲುತ್ತಾರೆ. ಕೇಳೋದು ಒಂದೇ. "ಅಣ್ಣಾರ, ಆ ಮೂರು ದಿನದ ಗುಳಿಗಿ ಕೊಡ್ರಿ, ಗಂಟ್ಲಾ ಹಿಡದೈತಿ."

ಮೂರು ದಿನದ ಗುಳಿಗೆ ಅಂದರೆ ಅಜಿಥ್ರೋಮೈಸಿನ್ 500, ಬ್ಯಾಕ್ಟೀರಿಯಾಕ್ಕೆ ಕೊಡುವ ಆಂಟಿಬಯೋಟಿಕ್. ಅದು ಶೆಡ್ಯೂಲ್ ಎಚ್ ಔಷಧ, ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಆದರೂ ಮೊದಲ ಕೆಲವು ವರ್ಷ ನಾನೂ ಸ್ಟ್ರಿಪ್ ಕತ್ತರಿಸಿ ಕೊಟ್ಟವನೇ. ಎರಡೇ ಸಾಕು ಅಂದವರಿಗೆ ಎರಡೇ ಕೊಟ್ಟಿದ್ದೇನೆ. ಮುಚ್ಚಿಡೋದೇನಿದೆ.

ಒಮ್ಮೆ ನನಗೇ ನೆಗಡಿಯ ಜೊತೆ ಗಂಟಲು ಕಟ್ಟಿತು. ಕೈ ಸೀದಾ ಅದೇ ಡಬ್ಬಿಗೆ ಹೋಯಿತು, ಆಮೇಲೆ ನಾಚಿಕೆಯಾಗಿ ವಾಪಸ್ ಬಂತು. ನೆಗಡಿ ವೈರಸ್ಸಿಗೆ ಈ ಗುಳಿಗೆ ಏನು ಮಾಡೀತು? ಉಪ್ಪುನೀರು ಮುಕ್ಕಳಿಸಿ, ಚೀಪುವ ಮಾತ್ರೆ ಬಾಯಿಗೆ ಹಾಕಿಕೊಂಡು ಅಂಗಡಿ ನಡೆಸಿದೆ. ಆರನೇ ದಿನಕ್ಕೆ ಸರಿಹೋಯಿತು. ಆಗ ಗಿರಾಕಿಗಳ ಲೆಕ್ಕ ಹೊಳೆಯಿತು ನೋಡಿ. ಅವರು ಎರಡು ಮೂರು ದಿನ ತಡೆದುಕೊಂಡು ಬರುತ್ತಾರೆ, ಮೂರು ದಿನ ಗುಳಿಗೆ ನುಂಗುತ್ತಾರೆ, ಅಷ್ಟೊತ್ತಿಗೆ ಹೇಗೂ ವಾಸಿಯಾಗುವ ಗಂಟಲು ವಾಸಿಯಾಗುತ್ತದೆ, ಹೆಸರು ಮಾತ್ರ ಗುಳಿಗೆಗೆ! ಆಂಟಿಬಯೋಟಿಕ್ ತಗೊಂಡರೂ ಗಂಟಲು ನೋವು ಬೇಗ ಹೋಗೋದು ಸರಾಸರಿ 16 ಗಂಟೆಯಷ್ಟು ಮಾತ್ರ.

ಸುಮ್ನೆ "ಇಲ್ಲ" ಅಂದು ನೋಡಿದೆ. ನನ್ನ ಕಣ್ಣೆದುರೇ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದರು. ಬಂದವರಿಗೆ ಬೇಕಾದದ್ದು ಉಗುಳು ನುಂಗುವಾಗಿನ ನೋವು ಹೋಗೋದು, ರೋಗಾಣು ಸಾಯೋದಲ್ಲ. ಹಾಗಾಗಿ ಚೀಪುವ ಮಾತ್ರೆಗಳ ಡಬ್ಬಿಯನ್ನು ಕೌಂಟರ್ ಮೇಲೇ ಇಟ್ಟೆ. ಸ್ಟ್ರೆಪ್ಸಿಲ್ಸ್ ಥರದ್ದರಲ್ಲಿ ಡೈಕ್ಲೋರೋಬೆಂಜೈಲ್ ಆಲ್ಕೋಹಾಲ್ 1.2 ಮಿಲಿಗ್ರಾಂ, ಅಮೈಲ್‌ಮೆಟಾಕ್ರೆಸಾಲ್ 0.6 ಮಿಲಿಗ್ರಾಂ ಇರುತ್ತದೆ. ನಂಜು ನಿವಾರಕಗಳೇ, ಆದರೆ ಅವುಗಳ ದೊಡ್ಡ ಉಪಕಾರ ಅಂದರೆ ನೋವು ಸ್ವಲ್ಪ ಮರಗಟ್ಟಿಸೋದು, ಬಾಯಲ್ಲಿ ಉಗುಳು ಊರಿಸಿ ಗಂಟಲು ಒಣಗದಂತೆ ಇಡೋದು. ನಮ್ಮ ಹಮಾಲರು ಇದನ್ನು ಕಟುಮ್ ಅಂತ ಕಡಿದು ನುಂಗಿ "ಏನೂ ಆಗ್ಲಿಲ್ರೀ" ಅಂತಿದ್ದರು. ನಿಧಾನಕ್ಕೆ ಕರಗಬೇಕು ಅಂತ ನಾನೇ ಒಂದು ಚೀಪಿ ತೋರಿಸಬೇಕಾಯಿತು. ಘಾಟಿನವರಿಗೆ ಇನ್ನೊಂದು ಮಾತು, ಮೂಗು ಬಾಯಿಗೆ ಬಟ್ಟೆ ಕಟ್ಟದಿದ್ದರೆ ಡಬ್ಬಿ ಪೂರ್ತಿ ಚೀಪಿದರೂ ಅಷ್ಟೇ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಲ್ಲದ್ದನ್ನೇ ಕೊಡುತ್ತೇನೆ, ಯಾಕಂದರೆ ಮಾಮೂಲಿ ಒಂದು ಮಾತ್ರೆಯಲ್ಲೇ ಎರಡು ಗ್ರಾಂಗಿಂತ ಜಾಸ್ತಿ ಸಕ್ಕರೆ. ಆರು ವರ್ಷದೊಳಗಿನ ಮಕ್ಕಳಿಗೆ ಕೊಡೋದೇ ಇಲ್ಲ, ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ.

ಕೊಡೋ ಮುಂಚೆ ಕೇಳುತ್ತೇನೆ. ಜೋರು ಜ್ವರ ಇದೆಯಾ, ಕೆಮ್ಮು ನೆಗಡಿ ಇದೆಯಾ, ಕತ್ತಿನ ಗಂಟು ಮುಟ್ಟಿದರೆ ನೋಯುತ್ತಾ? ಈ ಪ್ರಶ್ನೆಗಳ ಬೆಲೆ ಗೊತ್ತಾಗಿದ್ದು ಒಬ್ಬ ತಾಯಿ ಒಂಬತ್ತು ವರ್ಷದ ಮಗಳನ್ನು ಕರೆತಂದಾಗ. ಕೇಳಿದ್ದು ಅದೇ ಮೂರು ದಿನದ ಗುಳಿಗೆ, ನನ್ನ ಕೈ ಆಗಲೇ ಚೀಪುವ ಮಾತ್ರೆ ಡಬ್ಬಿಯ ಮೇಲಿತ್ತು. ಆದರೆ ಮಗುವಿಗೆ ಮೈ ಸುಡುವ ಜ್ವರ, ಕೆಮ್ಮೇ ಇಲ್ಲ, ಟಾರ್ಚ್ ಬಿಟ್ಟರೆ ಟಾನ್ಸಿಲ್ ಮೇಲೆ ಬಿಳಿ ಕೀವು. ಇದು ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಇರಬಹುದು. ಈ ವಯಸ್ಸಿನಲ್ಲಿ ಅದನ್ನು ಬಿಟ್ಟರೆ ಕೆಲವರಿಗೆ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಚೀಪುವ ಮಾತ್ರೆ ಇಲ್ಲಿ ದಂಡ. ಆಗಿಂದಾಗಲೇ ಡಾಕ್ಟರ ಹತ್ತಿರ ಕಳಿಸಿದೆ. ಅವರು 10 ದಿನಕ್ಕೆ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಬರೆದರು, ಚೀಟಿ ನೋಡಿ ನಾನೇ ಎಣಿಸಿ ಕೊಟ್ಟೆ.

ನಾಲ್ಕನೇ ದಿನ ಆ ತಾಯಿ ಮತ್ತೆ ಬಂದರು, ಕೈಯಲ್ಲಿ ಉಳಿದ ಸ್ಟ್ರಿಪ್. "ಜ್ವರ ಬಿಟ್ಟಾವ್ರಿ. ಇವನ್ನ ವಾಪಸ್ ತಗೊಂತೀರೇನ್ರಿ?"

ಅವರ ಚೀಲಕ್ಕೇ ವಾಪಸ್ ಹಾಕಿ, ಸ್ಟ್ರಿಪ್ ಹಿಂದೆ ಪೆನ್ನಿನಿಂದ 10ನೇ ದಿನದ ತಾರೀಖು ಬರೆದುಕೊಟ್ಟೆ.